ಮದುವೆಯ ದಿನ ಹಾಲು ಕರೆಯುವವರು ಯಾರು?

ಶ್ರಾವಣದಲ್ಲಿ ನಿಶ್ಚಿತಾರ್ಥ, ತುಳಸಿ ಹಬ್ಬ ಕಳೆದ ಮೇಲೆ ಮದುವೆ. ಮೈಸೂರಿನ ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ಲೆಕ್ಕ ನಡೆಯುವುದು ಹೀಗೆ. ಆಷಾಢದಲ್ಲಿ ಶುಭಕಾರ್ಯ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ, ಡಿಸೆಂಬರ್ ಮಧ್ಯದಲ್ಲಿ ಧನುರ್ಮಾಸ ಹಿಡಿದರೆ ಸಂಕ್ರಾಂತಿ ಕಳೆಯುವವರೆಗೆ ಇಲ್ಲ. ತುಳಸಿ ಹಬ್ಬಕ್ಕೂ ಧನುರ್ಮಾಸಕ್ಕೂ ನಡುವೆ ಸಿಗುವ ಸ್ವಲ್ಪ ದಿನಗಳಲ್ಲೇ ಎಲ್ಲರಿಗೂ ಛತ್ರ ಬೇಕು, ಅಡುಗೆಯವರು ಬೇಕು, ವಾಲಗದವರು ಬೇಕು. ಹಾಗಾಗಿ ಮದುವೆಯ ತಯಾರಿಯೆಲ್ಲ ಬಂದು ಬೀಳುವುದು ಹಬ್ಬಗಳ ಸಾಲಿನ ಮೇಲೆಯೇ.

ದಿನ ಎಣಿಸಿ ನೋಡಿ. ಭಾದ್ರಪದ ಶುದ್ಧ ತದಿಗೆ ಗೌರಿ ಹಬ್ಬ. ಕಾರ್ತೀಕ ಶುದ್ಧ ದ್ವಾದಶಿ ತುಳಸಿ ಹಬ್ಬ. ನಡುವೆ ಸುಮಾರು 70 ದಿನ. ಅದರಲ್ಲಿ ಪಿತೃಪಕ್ಷದ 15 ದಿನ ಬಟ್ಟೆ, ಒಡವೆ ಕೊಳ್ಳುವ ಹಾಗಿಲ್ಲ. ದಸರಾದ 10 ದಿನ ಮಕ್ಕಳಿಗೆ ರಜೆ, ಮೈಸೂರಿನ ಹತ್ತಿರ ನಮ್ಮ ಮನೆ ಇರುವುದರಿಂದ ದೀಪಾಲಂಕಾರ, ಜಂಬೂಸವಾರಿ ನೋಡಲು ಬರುವ ನೆಂಟರು ಬೇರೆ. ಗೌರಿ ಗಣೇಶ, ದೀಪಾವಳಿ ಎಂದು ಇನ್ನು ಐದಾರು ದಿನ. ಉಳಿಯುವುದು ಹೆಚ್ಚೆಂದರೆ 40 ದಿನ. ಅಷ್ಟರಲ್ಲಿ ಲಗ್ನಪತ್ರಿಕೆ ಹಂಚಬೇಕು, ಸೀರೆ ತರಬೇಕು, ಮನೆಗೆ ಸುಣ್ಣಬಣ್ಣ ಆಗಬೇಕು, ಮನೆದೇವರಿಗೆ ಹೋಗಿ ಬರಬೇಕು, ಬೀಗರನ್ನು ಕಂಡು ಮಾತಾಡಬೇಕು.

ಈ 70 ದಿನಗಳಲ್ಲಿ ಒಂದು ಕೆಲಸಕ್ಕೆ ಮಾತ್ರ ರಜೆಯೂ ಇಲ್ಲ, ಮುಹೂರ್ತವೂ ಇಲ್ಲ. ಅದು ಹಾಲು ಕರೆಯುವುದು. ದಿನಕ್ಕೆ ಎರಡು ಹೊತ್ತಿನಂತೆ 140 ಸಲ ಕರೆಯಬೇಕು. ಪ್ರತಿ ಸಲವೂ ಸೆಗಣಿ ಬಾಚಬೇಕು, ಮೇವು ಹಾಕಬೇಕು, ನೀರು ತೋರಿಸಬೇಕು, ಕೆಚ್ಚಲು ತೊಳೆಯಬೇಕು, ಡೈರಿಯವರು ಬಾಗಿಲು ಹಾಕುವ ಮುಂಚೆ ಹಾಲು ಅಲ್ಲಿಗೆ ಮುಟ್ಟಿಸಬೇಕು.

ಮದುವೆ ಮಾತುಕತೆಗೆ ಕೂತಾಗ ಗಂಡಸರು ಒಂದು ಪಟ್ಟಿ ಬರೆಯುತ್ತಾರೆ. ಛತ್ರದ ಜವಾಬ್ದಾರಿ ದೊಡ್ಡಪ್ಪನದು, ಅಡುಗೆಯವರನ್ನು ಗೊತ್ತು ಮಾಡುವುದು ಸೋದರಮಾವನದು, ಬಸ್ಸು ವ್ಯಾನಿನದು ಮಗನ ಸ್ನೇಹಿತರದು. ಹೂವಿಗೂ ಒಬ್ಬರ ಹೆಸರು, ತಾಂಬೂಲದ ಚೀಲಕ್ಕೂ ಒಬ್ಬರ ಹೆಸರು. ಕೊಟ್ಟಿಗೆ ಎದುರಿಗೆ ಯಾರ ಹೆಸರೂ ಇರುವುದಿಲ್ಲ. ಎಷ್ಟೋ ಪಟ್ಟಿಗಳಲ್ಲಿ ಕೊಟ್ಟಿಗೆ ಎಂಬ ಸಾಲೇ ಇರುವುದಿಲ್ಲ. ಹೆಸರಿಲ್ಲ ಎಂದರೆ ಅದು ಅಮ್ಮನ ಕೆಲಸ ಎಂದು ಎಲ್ಲರೂ ತಿಳಿದಿರುತ್ತಾರೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೇ. ಮದುವೆಯ ಪಟ್ಟಿಯಲ್ಲಿ ಮೊದಲ ಸಾಲು ಕೊಟ್ಟಿಗೆಯದಾಗಿರಲಿ, ಅದರ ಎದುರಿಗೆ ಹೆಸರುಗಳು ಇರಲಿ. ಹಬ್ಬ ಎಷ್ಟು ದೊಡ್ಡದಾಗಿ ಮಾಡಬೇಕು, ಮದುವೆ ಯಾವ ದಿನ ಆಗಬೇಕು, ಎಷ್ಟು ಖರ್ಚು ಮಾಡಬೇಕು ಎಂಬುದೆಲ್ಲ ಅದಾದ ಮೇಲೆ.

ಎರಡು ಹೊತ್ತು, ಎರಡು ಶಾಸ್ತ್ರ

ಈಗಿನ ಮದುವೆಯ ಹೊತ್ತು ಗೊತ್ತುಪಡಿಸುವ ರೀತಿ ನೋಡಿದರೆ ಹಾಲು ಕರೆಯುವವರನ್ನು ಯಾರೂ ಕೇಳಿಲ್ಲ ಎಂಬುದು ತಿಳಿಯುತ್ತದೆ. ಹಿಂದಿನ ದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಧಾರೆ. ಸಂಜೆ ಆರಕ್ಕೆ ಹೆಣ್ಣಿನ ತಾಯಿ ಛತ್ರದ ಬಾಗಿಲಲ್ಲಿ ಪನ್ನೀರು ಹಿಡಿದು ನಿಂತಿರಬೇಕು. ಡೈರಿಯಲ್ಲಿ ಸಂಜೆಯ ಹಾಲು ತೆಗೆದುಕೊಳ್ಳುವುದೂ ಆ ಹೊತ್ತಿಗೇ. ಬೆಳಿಗ್ಗೆ ಐದಕ್ಕೆ ಅರಿಶಿನದ ನೀರು, ಹಸೆಮಣೆ, ವಾಲಗ. ಹಸು ಕೆಚ್ಚಲು ತುಂಬಿಕೊಂಡು ಅಂಬಾ ಎನ್ನುವುದೂ ಅದೇ ಹೊತ್ತಿನಲ್ಲಿ.

ಧಾರೆಯಲ್ಲಿ ಮಗಳ ಕೈಮೇಲೆ ಹಾಲು ಎರೆಯುತ್ತೇವೆ. ಆ ಹಾಲನ್ನು ಕರೆದು ತಂದವಳು ನಿದ್ದೆಗೆಟ್ಟು, ಛತ್ರದಿಂದ ಮನೆಗೆ ಓಡಿ, ಸೆಗಣಿ ಬಾಚಿ, ಕರೆದು, ಕೈ ತೊಳೆದು, ರೇಷ್ಮೆ ಸೀರೆ ಸುತ್ತಿಕೊಂಡು ಮತ್ತೆ ಛತ್ರಕ್ಕೆ ಓಡಿಬಂದಿರುತ್ತಾಳೆ. ಫೋಟೋದಲ್ಲಿ ಅವಳ ಮುಖ ಬಾಡಿರುತ್ತದೆ. ಮಗಳನ್ನು ಕಳಿಸಿಕೊಡುವ ಸಂಕಟ ಎಂದು ನೋಡಿದವರು ಅಂದುಕೊಳ್ಳುತ್ತಾರೆ. ಸಂಕಟವೂ ಇರುತ್ತದೆ, ನಿಜ. ಅದರ ಜೊತೆಗೆ ಎರಡು ತಿಂಗಳ ಆಯಾಸವೂ ಇರುತ್ತದೆ.

ಇದನ್ನು ಹಸುವೂ ಅನುಭವಿಸುತ್ತದೆ. ಹೊತ್ತು ತಪ್ಪಿ ಕರೆದರೆ, ಗುರುತಿಲ್ಲದ ಕೈ ಬಂದರೆ, ಮನೆ ಮುಂದೆ ಮೈಕ್ ಸೆಟ್ಟು ಕೂಗಿದರೆ ಅದು ಹಾಲು ಬಿಡುವುದಿಲ್ಲ. ಕೆಚ್ಚಲಲ್ಲಿ ಹಾಲು ಉಳಿದರೆ ಕೆಚ್ಚಲು ಬಾವಿಗೆ ದಾರಿ ಆಗುತ್ತದೆ. ಬಾವು ಬಂದು ಔಷಧಿ ಕೊಡಿಸಿದರೆ ಅಷ್ಟು ದಿನ ಆ ಹಾಲನ್ನು ಡೈರಿಗೆ ಹಾಕುವಂತಿಲ್ಲ. ಬೆದೆಯ ಮಾತೂ ಇದೇ. ಹಸು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಬೆದೆ ಇರುವುದು 12ರಿಂದ 18 ಗಂಟೆ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು. ಪತ್ರಿಕೆ ಹಂಚುವ ಗಡಿಬಿಡಿಯಲ್ಲಿ ಒಂದು ಬೆದೆ ಕಣ್ತಪ್ಪಿದರೆ ಇನ್ನೂ 21 ದಿನ ಆ ಹಸುವನ್ನು ಸುಮ್ಮನೆ ಸಾಕಬೇಕು.

ಮುಹೂರ್ತದ ಪಕ್ಕದಲ್ಲಿ ಕೊಟ್ಟಿಗೆಯ ಚೀಟಿ

ಪುರೋಹಿತರು ಸಾಮಾನ್ಯವಾಗಿ ಎರಡು ಮೂರು ಮುಹೂರ್ತ ಕೊಡುತ್ತಾರೆ. ಛತ್ರ ಯಾವ ದಿನ ಖಾಲಿ ಇದೆ ಎಂದು ನೋಡಿ ಒಂದನ್ನು ಆರಿಸುತ್ತೇವೆ. ಹಾಗೆ ಆರಿಸುವಾಗ ಕೃತಕ ಗರ್ಭಧಾರಣೆಯ ಚೀಟಿಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಹಸುವಿನ ಗರ್ಭದ ಅವಧಿ ಸುಮಾರು 280 ದಿನ. ಫೆಬ್ರವರಿ 15ಕ್ಕೆ ಗರ್ಭ ಕಟ್ಟಿದ ಹಸು ನವೆಂಬರ್ 22ರ ಆಸುಪಾಸು ಕರು ಹಾಕುತ್ತದೆ. ಮದುವೆಯೂ ಅದೇ ವಾರ ಬಿದ್ದರೆ ಏನು ಗತಿ? ಕರು ಹಾಕಿದ ಮೊದಲ ಎರಡು ಮೂರು ದಿನ ಹಾಲು ಜ್ವರದ ಭಯ ಇರುತ್ತದೆ, ಕಸ ಬಿತ್ತೇ ಎಂದು ನೋಡಬೇಕು, ಕರುವಿಗೆ ಹೊತ್ತಿಗೆ ಸರಿಯಾಗಿ ಗಿಣ್ಣು ಹಾಲು ಕುಡಿಸಬೇಕು. ಅದೇ ದಿನಗಳಲ್ಲಿ ಮನೆಯಲ್ಲಿ ಚಪ್ಪರ ಏಳುತ್ತಿರುತ್ತದೆ.

ಅದೇ ಹಸು ಮದುವೆಯ ಹೊತ್ತಿಗೆ ಬತ್ತಿಸಿದ ಹಂತದಲ್ಲಿದ್ದರೆ, ಕರು ಹಾಕುವ ಮುಂಚಿನ ಎರಡು ತಿಂಗಳ ವಿಶ್ರಾಂತಿಯಲ್ಲಿದ್ದರೆ, ಕರೆಯುವ ಕೆಲಸವೇ ಒಂದು ಹಸುವಿನಷ್ಟು ಕಡಿಮೆ. ಮುಹೂರ್ತ ಒಂದು ವಾರ ಆಚೀಚೆ ಆದರೆ ಗ್ರಹಗಳಿಗೆ ಏನೂ ತೊಂದರೆ ಇಲ್ಲ, ಪುರೋಹಿತರೇ ಎರಡನ್ನೂ ಒಳ್ಳೆಯ ದಿನ ಎಂದು ಬರೆದುಕೊಟ್ಟಿರುತ್ತಾರೆ. ಆದರೆ ಈ ಮಾತನ್ನು ಆ ಹೊತ್ತಿನಲ್ಲಿ ಎತ್ತಬೇಕಾದವರು ನಾವೇ. ಯಾವ ಹಸು ಯಾವಾಗ ಕರು ಹಾಕುತ್ತದೆ ಎಂಬುದು ನಮಗೆ ಗೊತ್ತಿರುವಷ್ಟು ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಹಬ್ಬ ಬಿಡುವುದು ಬೇಡ, ಹಬ್ಬ ಆರಿಸಿಕೊಳ್ಳೋಣ

ಮದುವೆಯ ವರ್ಷ ಹಬ್ಬವನ್ನೆಲ್ಲ ಕೈಬಿಡಿ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಮಗಳು ಹುಡುಗಿಯಾಗಿ ತವರಿನಲ್ಲಿ ಮಾಡುವ ಕೊನೆಯ ಗೌರಿ ಹಬ್ಬ ಅದು. ಮುಂದಿನ ವರ್ಷ ಅವಳಿಗೆ ಇಲ್ಲಿಂದ ಬಾಗಿನ ಹೋಗುತ್ತದೆ. ಈ ವರ್ಷ ಅವಳು ನಮ್ಮ ಪಕ್ಕ ಕೂತು ಮೊರಕ್ಕೆ ಅರಿಶಿನ ಹಚ್ಚುತ್ತಾಳೆ. ಆ ದಿನವನ್ನು ಖರೀದಿಯ ಓಡಾಟದಲ್ಲಿ ಕಳೆದುಕೊಂಡರೆ ಅದು ಮತ್ತೆ ಸಿಗುವುದಿಲ್ಲ. ಗೌರಿ ಹಬ್ಬವನ್ನು ಪೂರ್ತಿಯಾಗಿ ಮಾಡಿ.

ದಸರಾದ ವಿಷಯ ಬೇರೆ. ಗೊಂಬೆ ಕೂರಿಸುವ ಮನೆಯವರು ಒಂದು ಮೆಟ್ಟಿಲು ಕೂರಿಸಿದರೂ ಸಂಪ್ರದಾಯ ಉಳಿಯುತ್ತದೆ. ಮದುವೆಯಲ್ಲಿ ಮಗಳಿಗೆ ಪಟ್ಟದ ಗೊಂಬೆ ಕೊಡುವ ಪದ್ಧತಿ ಇದ್ದವರಿಗೆ ಆ ಜೋಡಿಯೇ ಈ ವರ್ಷದ ದೊಡ್ಡ ಗೊಂಬೆ. ನೆಂಟರಿಗೆ ಮಾತ್ರ ಮುಂಚೆಯೇ ಹೇಳಿಬಿಡುವುದು ಒಳ್ಳೆಯದು: ‘ಈ ಸಲ ನವರಾತ್ರಿಗೆ ಬರಬೇಡಿ ಎನ್ನುವುದಿಲ್ಲ, ಮದುವೆಗೆ ನಾಲ್ಕು ದಿನ ಮುಂಚೆ ಬಂದು ಕೈಗೂಡಿಸಿ.’ ಒಳ್ಳೆಯ ನೆಂಟರಿಗೆ ಇದು ಬೇಸರ ತರುವುದಿಲ್ಲ. ರೈತ ದಸರಾದ ಹಾಲು ಕರೆಯುವ ಸ್ಪರ್ಧೆ ನೋಡಲು ಹೋಗುವ ಆಸೆ ಇದ್ದರೆ ಮನೆಯ ಗಂಡುಮಕ್ಕಳನ್ನು ಕರೆದುಕೊಂಡು ಹೋಗಿ. ಹಾಲು ಕರೆಯುವುದನ್ನು ಸಾವಿರಾರು ಜನ ನಿಂತು ನೋಡಿ ಚಪ್ಪಾಳೆ ತಟ್ಟುತ್ತಾರೆ ಎಂಬುದನ್ನು ಅವರೂ ನೋಡಲಿ.

ಖರೀದಿಗೂ ದಿನ ನೋಡಿಕೊಳ್ಳಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ನಮಗೆ ಬಸ್ಸಿನ ಖರ್ಚಿಲ್ಲ, ನಿಜ. ಹಾಗೆಂದು ದಿನಕ್ಕೊಂದು ಸಾಮಾನು ನೆನಪಾದಾಗಲೆಲ್ಲ ದೇವರಾಜ ಮಾರುಕಟ್ಟೆಗೆ ಓಡಿದರೆ ಕೊಟ್ಟಿಗೆಯ ಸಂಜೆ ಹಾಳಾಗುತ್ತದೆ. ಸಂತೇಪೇಟೆ, ಅಶೋಕ ರಸ್ತೆ, ಶಿವರಾಂಪೇಟೆ ಎಲ್ಲವನ್ನೂ ಎರಡು ಓಡಾಟದಲ್ಲಿ ಮುಗಿಸುವ ಹಾಗೆ ಪಟ್ಟಿ ಬರೆದುಕೊಳ್ಳಿ. ಒಂದು ಓಡಾಟ ಪಿತೃಪಕ್ಷಕ್ಕೆ ಮುಂಚೆ, ಇನ್ನೊಂದು ವಿಜಯದಶಮಿ ಕಳೆದ ಮೇಲೆ. ನವರಾತ್ರಿಯಲ್ಲಿ ಪೇಟೆಯ ಕಡೆ ತಲೆ ಹಾಕಿದರೆ ಜನಜಂಗುಳಿಯಲ್ಲೇ ಅರ್ಧ ದಿನ ಹೋಗುತ್ತದೆ, ಆಯುಧಪೂಜೆಯ ಹೊತ್ತಿಗೆ ಹೂವಿನ ಬೆಲೆ ಕೇಳುವಂತಿರುವುದಿಲ್ಲ.

ದೀಪಾವಳಿ ಸಣ್ಣದಾಗಿ ಆಗಲಿ. ಸಂಕ್ರಾಂತಿ ಹೇಗೂ ಮದುವೆ ಮುಗಿದ ಮೇಲೆ ಬರುತ್ತದೆ. ಅವತ್ತು ಹಸುಗಳ ಮೈ ತೊಳೆದು, ಅರಿಶಿನ ಹಚ್ಚಿ, ಕಿಚ್ಚು ಹಾಯಿಸುವಾಗ ಈ ಮದುವೆ ನಡೆಸಿಕೊಟ್ಟವರು ಯಾರು ಎಂದು ಮನೆಯವರೆಲ್ಲ ಒಂದು ಕ್ಷಣ ನೆನೆಯಲಿ.

ಸಾಲದ ಮನೆಗೆ ಹಾಲು ಕೊಡುವ ಹಸು

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂಬ ಗಾದೆ ಎಲ್ಲರ ಬಾಯಲ್ಲೂ ಇದೆ. ಆ ಖರ್ಚನ್ನು ಹಸುವಿನ ಲೆಕ್ಕದಲ್ಲಿ ಒಮ್ಮೆ ನೋಡೋಣ. ದಿನಕ್ಕೆ 8 ಲೀಟರ್ ಕೊಡುವ ಒಂದು ಹಸು ಎಂದುಕೊಳ್ಳಿ. ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನವೂ ಸೇರಿ ಲೀಟರಿಗೆ 40 ರೂಪಾಯಿ ಎಂದು ಹಿಡಿಯೋಣ. ತಿಂಗಳಿಗೆ 9,600 ರೂಪಾಯಿ. ಹಿಂಡಿ, ಬೂಸಾ, ಮೇವು, ಔಷಧಿಗೆ 6,600 ಕಳೆದರೆ ಕೈಯಲ್ಲಿ ಉಳಿಯುವುದು 3,000. ಈಗ ಮದುವೆಗೆಂದು ನೂರಕ್ಕೆ ಮೂರರ ಬಡ್ಡಿಯಲ್ಲಿ ಒಂದು ಲಕ್ಷ ಕೈಸಾಲ ಮಾಡಿದರೆ ತಿಂಗಳ ಬಡ್ಡಿಯೇ 3,000. ಅಸಲು ಹಾಗೇ ಇರುತ್ತದೆ. ಅಂದರೆ ಒಂದು ಲಕ್ಷ ಸಾಲ ಮಾಡಿದ ದಿನದಿಂದ ಒಂದು ಹಸು ನಮ್ಮ ಕೊಟ್ಟಿಗೆಯಲ್ಲಿ ನಿಂತು, ನಮ್ಮ ಕೈಯಿಂದ ಮೇವು ತಿಂದು, ಸಾಲ ಕೊಟ್ಟವನ ಮನೆಗೆ ಹಾಲು ಕೊಡುತ್ತಿರುತ್ತದೆ.

ಸಾಲದ ಬದಲು ಹಸುವನ್ನೇ ಮಾರುವವರೂ ಇದ್ದಾರೆ. ಅವಸರಕ್ಕೆ ಮಾರುವ ಹಸುವಿಗೆ ಬೆಲೆ ಕಟ್ಟುವವನು ಕೊಳ್ಳುವವನೇ. ಕರೆಯುವ ಹಸುವನ್ನು ಮಾರಿದರೆ ಮದುವೆಯ ಮರುದಿನದಿಂದ ಬಟವಾಡೆಯೂ ಅಷ್ಟು ಕಡಿಮೆ. ಕಾರ್ಯ ಮುಗಿದ ಮನೆಯಲ್ಲಿ ಅಂಗಡಿ ಬಾಕಿ, ಶಾಮಿಯಾನದ ಬಾಕಿ ಕೇಳಲು ಜನ ಬರುವುದೂ ಅದೇ ದಿನಗಳಲ್ಲಿ.

‘ಜೀವಮಾನದಲ್ಲಿ ಒಂದೇ ಸಲ ಮಾಡುವ ಕಾರ್ಯ, ನಾಲ್ಕು ಜನ ಏನಂದುಕೊಳ್ಳುತ್ತಾರೆ’ ಎಂಬ ಮಾತು ಬರುತ್ತದೆ. ಆ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಊರವರ ಮನೆಯಲ್ಲಿ ಉಂಡು ಬಂದಿದ್ದೇವೆ, ಅವರನ್ನು ಕರೆಯಬೇಕು, ಅವರಿಗೆ ಬಡಿಸಬೇಕು. ಆದರೆ ಊಟ ಹಾಕುವುದು ಬೇರೆ, ಮೆರೆಸುವುದು ಬೇರೆ. ನಮ್ಮ ಮೈಸೂರಿನಲ್ಲೇ ಬಾಳಿದ ಕುವೆಂಪು ಅವರು ಆಡಂಬರವಿಲ್ಲದ ‘ಮಂತ್ರ ಮಾಂಗಲ್ಯ’ದ ಮದುವೆಯನ್ನು ರೂಪಿಸಿದರು, 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಹಾಗೆಯೇ ನಡೆಸಿದರು. ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದವರಿಗೆ ಸರಳ ಮದುವೆಯಿಂದ ಮರ್ಯಾದೆ ಕಡಿಮೆಯಾಗಲಿಲ್ಲ. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆಯುತ್ತಿದೆ. ನಮ್ಮ ಪಕ್ಕದ ಸುತ್ತೂರು ಜಾತ್ರೆಯಲ್ಲೂ ಸಾಮೂಹಿಕ ವಿವಾಹ ಉಂಟು. ಎಲ್ಲರೂ ಅಲ್ಲಿಗೇ ಹೋಗಬೇಕೆಂದು ಹೇಳುತ್ತಿಲ್ಲ. ಮನೆ ಮುಂದೆ ಚಪ್ಪರ ಹಾಕಿ ಮಾಡುವ ಮದುವೆಯಲ್ಲೂ ಒಂದು ಅನುಕೂಲ ಇದೆ: ಕೊಟ್ಟಿಗೆ ಹತ್ತು ಹೆಜ್ಜೆ ದೂರದಲ್ಲಿರುತ್ತದೆ.

ಉಳಿದ ಅನ್ನ ಹಸುವಿಗೆ ಬೇಡ

ಮದುವೆ, ಬೀಗರ ಊಟ ಮುಗಿದ ಮೇಲೆ ಹಂಡೆಯಲ್ಲಿ ಅನ್ನ, ಪಾಯಸ, ಲಾಡು ಉಳಿಯುತ್ತವೆ. ಬಿಸಾಡಲು ಮನಸ್ಸು ಬಾರದೆ, ‘ಪಾಪ, ಎರಡು ದಿನದಿಂದ ಅದಕ್ಕೂ ಸರಿಯಾಗಿ ಹೊಟ್ಟೆಗೆ ಇಲ್ಲ’ ಎಂದು ಬಾನಿ ತುಂಬ ಹಸುವಿನ ಮುಂದೆ ಸುರಿಯುತ್ತೇವೆ. ಪ್ರೀತಿಯಿಂದ ಮಾಡುವ ಈ ಕೆಲಸ ಹಸುವಿನ ಜೀವಕ್ಕೆ ಎರವಾಗಬಹುದು. ಅನ್ನ ಮತ್ತು ಸಿಹಿ ಒಮ್ಮೆಲೇ ಹೆಚ್ಚಾಗಿ ಹೋದರೆ ಹಸುವಿನ ಹೊಟ್ಟೆಯಲ್ಲಿ ಹುಳಿ ಏರುತ್ತದೆ. ಮೆಲುಕು ಹಾಕುವುದು ನಿಲ್ಲುತ್ತದೆ, ಹೊಟ್ಟೆ ಉಬ್ಬುತ್ತದೆ, ಹುಳಿ ವಾಸನೆಯ ತೆಳು ಸೆಗಣಿ ಹಾಕುತ್ತದೆ, ನಿಲ್ಲಲಾಗದೆ ಮಲಗುತ್ತದೆ. ತಡ ಮಾಡಿದರೆ ಕೈತಪ್ಪಿ ಹೋಗುತ್ತದೆ.

ಉಳಿದ ಅನ್ನವನ್ನು ಜನರಿಗೆ ಹಂಚಿ. ಕೆಟ್ಟಿದ್ದರೆ ತಿಪ್ಪೆಗೆ ಹಾಕಿ ಮಣ್ಣು ಮುಚ್ಚಿ. ಎಲೆಯ ಜೊತೆ ಎಸೆಯುವ ಪ್ಲಾಸ್ಟಿಕ್ ಲೋಟ, ಕವರುಗಳ ಹತ್ತಿರ ಹಸು ಹೋಗದಂತೆ ನೋಡಿಕೊಳ್ಳಿ. ಹಸು ಮೆಲುಕು ಬಿಟ್ಟಿದ್ದು ಕಂಡರೆ ಮನೆಮದ್ದು ಮಾಡುತ್ತ ಕೂರದೆ ಪಶುವೈದ್ಯರಿಗೆ ಹೇಳಿ, ಇಲ್ಲವೇ 1962ಕ್ಕೆ ಕರೆ ಮಾಡಿ. ಮದುವೆ ಮನೆಯಲ್ಲಿ ಈ ಮಾತನ್ನು ಅಡುಗೆಯವರಿಗೂ ನೆಂಟರಿಗೂ ಮುಂಚೆಯೇ ಹೇಳಿರಬೇಕು. ಹಸುವಿಗೆ ಅನ್ನ ಸುರಿಯುವವರು ಹೆಚ್ಚಾಗಿ ಕೊಟ್ಟಿಗೆ ಗೊತ್ತಿಲ್ಲದ ನೆಂಟರೇ ಆಗಿರುತ್ತಾರೆ.

ಮುಯ್ಯಿಯಾಗಿ ಎರಡು ಹೊತ್ತು

ಹಾಗಾದರೆ ಕೊಟ್ಟಿಗೆಯ ಎದುರಿಗೆ ಯಾರ ಹೆಸರು ಬರೆಯುವುದು? ಮೊದಲನೆಯದು ಮನೆಯ ಗಂಡಸರ ಹೆಸರು. ಬೈಕಿನಲ್ಲಿ ಕ್ಯಾನು ಇಟ್ಟುಕೊಂಡು ಡೈರಿಗೆ ಹೋಗಿ ಹಾಲು ಹಾಕಿ ಬರುವ ಮಗನಿಗೆ ಅದೇ ಹಾಲನ್ನು ಕರೆಯಲು ಬರುವುದಿಲ್ಲ ಎಂದರೆ ಕಲಿಸದೆ ಬಿಟ್ಟಿದ್ದೇವೆ ಎಂದೇ ಅರ್ಥ. 70 ದಿನ ಮುಂಚೆ ಶುರು ಮಾಡಿದರೆ ದಸರಾ ಹೊತ್ತಿಗೆ ಅವನ ಕೈಗೆ ಹಸು ಒಗ್ಗಿರುತ್ತದೆ. ಸೊಸೆ ತರುವ ಮನೆಯವರಿಗೂ ಒಂದು ಮಾತು. ಇನ್ನು ಕೊಟ್ಟಿಗೆ ಸೊಸೆಯದು ಎಂದು ಹಸೆಮಣೆಗೆ ಮುಂಚೆಯೇ ತೀರ್ಮಾನ ಮಾಡಿಬಿಡಬೇಡಿ. ಅವಳಿಗೆ ಇಷ್ಟವೇ, ಅಭ್ಯಾಸ ಇದೆಯೇ ಎಂದು ಕೇಳಿ. ಕೊಟ್ಟಿಗೆಯ ಕೆಲಸ ಅವಳೂ ಮಾಡುವುದಾದರೆ ಹಾಲಿನ ದುಡ್ಡಿನ ಲೆಕ್ಕವೂ ಅವಳಿಗೆ ಗೊತ್ತಿರಲಿ.

ಎರಡನೆಯದು ನಮ್ಮ ಸಂಘದ ಅಕ್ಕತಂಗಿಯರ ಹೆಸರು. ನಾಟಿ, ಕಳೆ, ಕೊಯ್ಲಿಗೆ ನಮ್ಮಲ್ಲಿ ಮುಯ್ಯಾಳು ಪದ್ಧತಿ ಇತ್ತು. ಇವತ್ತು ನಾನು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ. ಅದನ್ನೇ ಕೊಟ್ಟಿಗೆಗೂ ತರಬಹುದು. ಮದುವೆ ಮನೆಗೆ ಮುಯ್ಯಿ ಎಂದು ಸ್ಟೀಲ್ ಪಾತ್ರೆ ಕೊಡುತ್ತೇವೆ, ಅಟ್ಟದ ಮೇಲೆ ಅಂಥವು ಇಪ್ಪತ್ತು ಇರುತ್ತವೆ. ಅದರ ಬದಲು ಎರಡು ಹೊತ್ತು ಹಾಲು ಕರೆದುಕೊಡುತ್ತೇನೆ ಎಂದು ಮುಯ್ಯಿ ಬರೆಸಿದರೆ ಆ ತಾಯಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಬೇರೆ ಬೇಕೇ? ಐದು ಜನ ಸೇರಿದರೆ ಹತ್ತು ಹೊತ್ತು, ಅಂದರೆ ಚಪ್ಪರದ ದಿನದಿಂದ ಬೀಗರ ಊಟದವರೆಗೆ ಐದು ದಿನ ಕಳೆಯುತ್ತದೆ.

ಹಿನಕಲ್, ಬೋಗಾದಿ, ಹೂಟಗಳ್ಳಿ, ರಮ್ಮನಹಳ್ಳಿ, ಆಲನಹಳ್ಳಿಯಂಥ ಕಡೆ ಇದು ಇನ್ನೂ ಅಗತ್ಯ. ನಗರ ಬೆಳೆದು ಮನೆಬಾಗಿಲಿಗೆ ಬಂದ ಮೇಲೆ ಅಕ್ಕಪಕ್ಕದಲ್ಲಿ ಹಸು ಕಟ್ಟಿದವರೇ ಕಡಿಮೆಯಾಗಿದ್ದಾರೆ. ಪಕ್ಕದ ಮನೆಯವರನ್ನು ಕರೆದರೆ ಮದುವೆಗೆ ಬರುತ್ತಾರೆ, ಹಾಲು ಕರೆಯಲು ಬರುವುದಿಲ್ಲ. ಅಲ್ಲಿ ನಮಗೆ ಇರುವ ಬಳಗ ಎಂದರೆ ಡೈರಿಯಲ್ಲಿ ಸಾಲು ನಿಲ್ಲುವ ನಮ್ಮವರೇ.

ಇದಕ್ಕೆ ಒಂದೆರಡು ಕಟ್ಟುಪಾಡು ಇರಬೇಕು. ಬಂದು ಕರೆಯುವವರು ಮದುವೆಗೆ ಒಂದು ವಾರ ಮುಂಚಿನಿಂದಲೇ ಮನೆಯವರ ಜೊತೆ ಕೊಟ್ಟಿಗೆಗೆ ಬಂದು ಹಸುವಿಗೆ ಪರಿಚಯವಾಗಲಿ. ಯಾವ ಹಸು ಒದೆಯುತ್ತದೆ, ಯಾವುದಕ್ಕೆ ಎಷ್ಟು ಹಿಂಡಿ, ಯಾವುದು ಬೆದೆಗೆ ಬರುವ ದಿನ ಹತ್ತಿರ ಇದೆ ಎಂದು ಒಂದು ಹಾಳೆಯಲ್ಲಿ ಬರೆದು ಕೊಟ್ಟಿಗೆಯ ಗೋಡೆಗೆ ಅಂಟಿಸಿ. ಒಂದು ಮನೆಯಲ್ಲಿ ಕೆಚ್ಚಲು ಬಾವು ಇದ್ದರೆ ಅದೇ ಕೈಯಲ್ಲಿ ಇನ್ನೊಂದು ಮನೆಯ ಹಸು ಮುಟ್ಟಬಾರದು, ಸೋಪು ಹಾಕಿ ತೊಳೆದೇ ಹೋಗಬೇಕು. ಹಾಲು ಹಾಕುವುದು ಮಾತ್ರ ಆ ಮನೆಯ ಪಾಸ್ ಪುಸ್ತಕಕ್ಕೇ.

ಈ ವರ್ಷ ನಿಮ್ಮ ಸಂಘದಲ್ಲಿ ಯಾರ ಯಾರ ಮನೆಯಲ್ಲಿ ಮದುವೆ ಇದೆ ಎಂಬುದು ನಿಮಗೆಲ್ಲ ಗೊತ್ತೇ ಇದೆ. ಮುಂದಿನ ಸಭೆಯಲ್ಲಿ ಹಾಲಿನ ದರ, ಜಿಡ್ಡಿನ ಅಂಶದ ಮಾತೆಲ್ಲ ಮುಗಿದ ಮೇಲೆ ಹತ್ತು ನಿಮಿಷ ಇದಕ್ಕೆ ಇಡಿ. ಮದುವೆ ಮನೆಗಳ ದಿನಾಂಕ ಬರೆದುಕೊಳ್ಳಿ, ಪ್ರತಿ ದಿನಾಂಕದ ಎದುರಿಗೆ ಐದು ಹೆಸರು ಬರೆಯಿರಿ. ಯಾರೂ ಮುಂದೆ ಬರದಿದ್ದರೆ ಮೊದಲ ಹೆಸರು ನಿಮ್ಮದೇ ಇರಲಿ.